ಸರಗೂರಿನ ಹಳೆಯ ಕೆಸರು

ಡಿಸೆಂಬರ್ ಬಂತೆಂದರೆ ನಮ್ಮ ಕಡೆಯ ಶಾಲೆಗಳಲ್ಲಿ ಪ್ರವಾಸದ ಬಸ್ಸಿನದೇ ಮಾತು. ಹುಣಸೂರಿನ ಬಸ್ಸು ಬೇಲೂರು ಹಳೇಬೀಡಿಗೆ, ಪಿರಿಯಾಪಟ್ಟಣದ್ದು ಜೋಗಕ್ಕೆ, ಕೆ.ಆರ್. ನಗರದ್ದು ಮಲ್ಪೆಯ ಸಮುದ್ರಕ್ಕೆ, ಎಚ್.ಡಿ. ಕೋಟೆಯದು ಊಟಿಗೆ. ನಾಲ್ಕು ತಾಲ್ಲೂಕಿನ ಬಸ್ಸುಗಳೂ ನಾಲ್ಕು ದಿಕ್ಕಿಗೆ ಹೊರಡುತ್ತವೆ. ಒಂದಾದರೂ ಇನ್ನೊಂದರ ಊರಿಗೆ ಬರುವುದಿಲ್ಲ. ನೋಡತಕ್ಕದ್ದು ಏನಿದ್ದರೂ ದೂರದಲ್ಲೇ ಇರುತ್ತದೆ ಎಂಬ ಪಾಠವನ್ನು ಯಾವ ಮೇಷ್ಟ್ರೂ ಹೇಳಿಕೊಡದೆಯೇ ಮಕ್ಕಳು ಕಲಿತುಬಿಡುತ್ತಾರೆ.

ದೂರದ್ದನ್ನು ನೋಡಬಾರದೆಂದು ಯಾರೂ ಹೇಳುವುದಿಲ್ಲ. ನಮ್ಮದು ದೊಡ್ಡ ದೇಶ, ಅದರ ನೆಲವೂ ಒಂದೇ ಬಗೆಯದಲ್ಲ. ಮಹಾರಾಷ್ಟ್ರದ ಲೋನಾರ್‌ನಲ್ಲಿ ಉಲ್ಕಾಶಿಲೆ ಬಿದ್ದು ಆದ ಸುಮಾರು 1.8 ಕಿ.ಮೀ. ಅಗಲದ ಕುಳಿಯಿದೆ, ಅದರ ತಳದಲ್ಲಿ ಉಪ್ಪು ನೀರಿನ ಸರೋವರವಿದೆ. ಜಬಲ್ಪುರದ ಬಳಿ ಭೇಡಾಘಾಟ್‌ನಲ್ಲಿ ನರ್ಮದೆ ಅಮೃತಶಿಲೆಯ ಗೋಡೆಗಳ ನಡುವೆ ಹರಿಯುತ್ತಾಳೆ. ಮೇಘಾಲಯದ ಸುಣ್ಣಕಲ್ಲಿನ ಗುಹೆಗಳಲ್ಲಿ ಮೈಲುಗಟ್ಟಲೆ ನಡೆಯಬಹುದು. ಹಿಮಾಲಯದ ಮಾತನ್ನಂತೂ ಹೇಳಬೇಕಾಗಿಯೇ ಇಲ್ಲ.

ನಮ್ಮ ರಾಜ್ಯದಲ್ಲೇ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ‘ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ’ ಎಂದು ಗುರುತಿಸಿದ ನಾಲ್ಕು ಸ್ಥಳಗಳಿವೆ. ಮಲ್ಪೆಗೆ ಹೋದ ಮಕ್ಕಳು ದೋಣಿ ಹತ್ತಿ ನೋಡಿ ಬರುವ ಸೇಂಟ್ ಮೇರಿಸ್ ದ್ವೀಪ ಅವುಗಳಲ್ಲಿ ಒಂದು. ಅಲ್ಲಿಯ ಕಂಬ ಕಂಬದ ಬಂಡೆಗಳನ್ನು ಯಾವ ಶಿಲ್ಪಿಯೂ ಕಡೆದದ್ದಲ್ಲ. ಕೆರೆ ಒಣಗಿದಾಗ ಕೆರೆಯಂಗಳದ ಮಣ್ಣು ಐದು ಮೂಲೆ ಆರು ಮೂಲೆಯ ಹಲ್ಲೆಗಳಾಗಿ ಬಿರಿಯುವುದನ್ನು ನೀವು ನೋಡಿಯೇ ಇದ್ದೀರಿ. ಮಣ್ಣು ನೀರು ಕಳೆದುಕೊಂಡು ಕುಗ್ಗುತ್ತದೆ. ಲಾವಾ ಶಾಖ ಕಳೆದುಕೊಂಡು ಕುಗ್ಗುತ್ತದೆ. ಮೇಲ್ಮೈಯಲ್ಲಿ ಹುಟ್ಟಿದ ಬಿರುಕು ತಣಿಯುತ್ತಾ ಹೋದಂತೆ ಕೆಳಕೆಳಗೆ ಇಳಿದು ಕಂಬಗಳಾಗುತ್ತವೆ. ಇದು ಆದದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ಭೂಭಾಗದಿಂದ ಕಳಚಿಕೊಂಡು ದೂರ ಸರಿಯುತ್ತಿದ್ದ ಕಾಲದಲ್ಲಿ. ಮಲ್ಪೆಯ ಆ ಬಂಡೆಗಳು ಒಂದು ಮನೆ ಎರಡು ಪಾಲಾದ ಹಿಸ್ಸಾ ಪತ್ರ ಎನ್ನಿ.

ಎರಡನೆಯದು ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿಯ ‘ದಿಂಬು ಲಾವಾ’. ಕಾದ ಎಣ್ಣೆಗೆ ಬೋಂಡಾ ಹಿಟ್ಟು ಬಿಟ್ಟಾಗ ಹೊರಗಿನ ಸಿಪ್ಪೆ ಮೊದಲು ಗಟ್ಟಿಯಾಗಿ, ಒಳಗಿನ ಹಿಟ್ಟು ಮೆತ್ತಗೇ ಇದ್ದು ಗುಂಡಗಾಗುತ್ತದಲ್ಲ, ಹೆಚ್ಚುಕಡಿಮೆ ಹಾಗೆಯೇ. ಇಲ್ಲಿ ಲೆಕ್ಕ ಉಲ್ಟಾ: ಹಿಟ್ಟೇ ಬಿಸಿ, ಸುತ್ತಲಿನ ನೀರು ತಣ್ಣಗೆ. ನೀರಿನ ಅಡಿಯಲ್ಲಿ ಉಕ್ಕಿದ ಲಾವಾ ಮಾತ್ರ ಇಂಥ ದಿಂಬುಗಳಾಗುತ್ತದೆ. ಆದ್ದರಿಂದ, ಮಳೆಗಾಗಿ ಮುಗಿಲು ನೋಡುವ ಚಿತ್ರದುರ್ಗ 250 ಕೋಟಿ ವರ್ಷಕ್ಕೂ ಹಿಂದೆ ನೀರಿನಡಿ ಇತ್ತು ಎಂದು ಧೈರ್ಯವಾಗಿ ಹೇಳಬಹುದು. ಮೂರನೆಯದು ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿದೆ. ನಾಲ್ಕನೆಯದನ್ನು ಬೆಂಗಳೂರಿಗೆ ಹೋದವರೆಲ್ಲ ತುಳಿದಿದ್ದಾರೆ, ಅದು ಲಾಲ್‌ಬಾಗಿನ ಬಂಡೆ. ಮೇಲಿನ ಕೆಂಪೇಗೌಡರ ಗೋಪುರದ ಮುಂದೆ ಫೋಟೋ ತೆಗೆಸಿಕೊಂಡು, ಕಾಲ ಕೆಳಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ಎಂದು ಬರೆದ ಫಲಕವನ್ನು ಓದದೆ ಇಳಿದು ಬರುತ್ತಾರೆ.

ಈ ಕೋಟಿಗಳು ಬಾಯಲ್ಲಿ ಹೇಳುವುದಕ್ಕೆ ಸುಲಭ, ತಲೆಗೆ ಇಳಿಯುವುದಿಲ್ಲ. ತರಗತಿಯಲ್ಲಿ ನಾನು ಮಾಡುವುದಿಷ್ಟು. ಮಕ್ಕಳನ್ನು ಆಟದ ಮೈದಾನಕ್ಕೆ ಕರೆದುಕೊಂಡು ಹೋಗಿ, ಒಂದು ಕೋಟಿ ವರ್ಷಕ್ಕೆ ಒಂದು ಅಡಿಯಂತೆ ಸುಣ್ಣದ ಗೆರೆ ಎಳೆಸುತ್ತೇನೆ. ಇವತ್ತಿನಿಂದ ಹಿಂದಕ್ಕೆ ಹೋಗಬೇಕು. ಹಿಮಾಲಯ ಏಳತೊಡಗಿದ್ದು ಸುಮಾರು ಐದಡಿಯಲ್ಲಿ. ಒಬ್ಬ ಹುಡುಗ ಉದ್ದಕ್ಕೆ ಮಲಗಿದರೆ ಮುಗಿಯಿತು. ಬೆಳಗಾವಿ ವಿಜಯಪುರದ ಕಡೆಯ ಕಪ್ಪು ನೆಲಕ್ಕೆ ಕಾರಣವಾದ ದಖನ್ನಿನ ಲಾವಾ ಆರೂವರೆ ಅಡಿ. ಸೇಂಟ್ ಮೇರಿಸ್ ಸುಮಾರು ಒಂಬತ್ತು ಅಡಿ. ನಮ್ಮ ಚಾಮುಂಡಿ ಬೆಟ್ಟದ ಗ್ರಾನೈಟು ಎಂಬತ್ತು ಅಡಿ. ಅಲ್ಲಿಂದ ಮುಂದೆ ಮಕ್ಕಳು ನಡೆದೂ ನಡೆದೂ ಮೈದಾನದ ಬೇಲಿ ಮುಟ್ಟಬೇಕು: ಲಾಲ್‌ಬಾಗ್ ಮುನ್ನೂರು ಅಡಿ. ಹಾಸನ ಗೊರೂರು ಕಡೆಯ ಕೆಲವು ಬಂಡೆಗಳು ಮುನ್ನೂರ ಮೂವತ್ತು ಅಡಿಯ ಆಸುಪಾಸು. ಭೂಮಿಯದೇ ವಯಸ್ಸು ನಾನೂರ ಐವತ್ತನಾಲ್ಕು ಅಡಿ. ಮನುಷ್ಯ ಎಲ್ಲಿ ಬರುತ್ತಾನೆ ಸಾರ್ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಇಂದಿನ ಮನುಷ್ಯಕುಲ ಹುಟ್ಟಿ ಸುಮಾರು ಮೂರು ಲಕ್ಷ ವರ್ಷ. ಗೆರೆಯಲ್ಲಿ ಅದು ಒಂದು ಸೆಂಟಿಮೀಟರೂ ಆಗುವುದಿಲ್ಲ, ಸುಣ್ಣದ ಗೆರೆಯ ದಪ್ಪಕ್ಕಿಂತ ಕಡಿಮೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ ಇವೆಲ್ಲ ಈ ಗೆರೆಯಲ್ಲಿ ಎಲ್ಲಿ ಬರುತ್ತವೆ? ಬೇಲಿಯ ಹತ್ತಿರ, ಮುನ್ನೂರು ಅಡಿಯ ಆಚೀಚೆ. ನಮ್ಮ ನಾಲ್ಕೂ ತಾಲ್ಲೂಕುಗಳ ಬಹುಪಾಲು ನೆಲ ಕೂತಿರುವುದು ಲಾಲ್‌ಬಾಗಿನಲ್ಲಿರುವ ಜಾತಿಯ ಕಲ್ಲಿನ ಮೇಲೆಯೇ. ಅದಕ್ಕೆ ‘ಪೆನಿನ್ಸುಲರ್ ನೈಸ್’ ಎಂದು ಹೆಸರು. ಹೆಸರು ಕೇಳಿದ ಕೂಡಲೇ ತರಗತಿಯಲ್ಲಿ ಪ್ರತಿವರ್ಷವೂ ಒಂದು ನಗೆ ಏಳುತ್ತದೆ. ‘ನೈಸ್ ಆಗಿಲ್ವಲ್ಲ ಸಾರ್, ಒರಟಾಗಿದೆ’ ಎನ್ನುತ್ತಾರೆ. ಜಮಖಾನದ ಪಟ್ಟೆಯಂತೆ ಕಪ್ಪು ಬಿಳುಪು ಪಟ್ಟೆ, ಕೆಲವೆಡೆ ಆ ಪಟ್ಟೆ ಮಡಿಸಿ ಮುದುರಿದಂತೆ. ಬಿಳಿಯದು ಬೆಣಚುಕಲ್ಲು ಮತ್ತು ಫೆಲ್ಡ್‌ಸ್ಪಾರ್; ಕರಿಯದು ಬಹುಪಾಲು ಕಾಗೆಬಂಗಾರದ ಜಾತಿಯ ಖನಿಜ. ನಿಮ್ಮ ಹಿತ್ತಲ ಒಗೆಯುವ ಕಲ್ಲು, ಹೊಲದ ಬೇಲಿಗೆ ನೆಟ್ಟ ಕಂಬ, ಹೊಗೆಸೊಪ್ಪಿನ ಬ್ಯಾರನ್ನಿನ ಬುನಾದಿ, ಊರ ಮಾರಿಗುಡಿಯ ಮೆಟ್ಟಿಲು ಎಲ್ಲವನ್ನೂ ಒಮ್ಮೆ ನೀರು ಹಾಕಿ ತೊಳೆದು ನೋಡಿ. ಪಟ್ಟೆ ಕಂಡರೆ ಅದು ಲಾಲ್‌ಬಾಗಿನ ದಾಯಾದಿ.

ಇನ್ನು ಸರಗೂರಿನ ಮಾತು. ಹಿಂದೆ ಎಚ್.ಡಿ. ಕೋಟೆಗೆ ಸೇರಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಈ ಊರಿನ ಹೆಸರು ಆಸ್ಟ್ರೇಲಿಯ, ಇಂಗ್ಲೆಂಡುಗಳ ಭೂವಿಜ್ಞಾನಿಗಳಿಗೆ ಗೊತ್ತು. ಮೈಸೂರಿನ ಬಸ್ ನಿಲ್ದಾಣದಲ್ಲಿ ನಿಂತು ವಿಚಾರಿಸಿದರೆ, ಅಲ್ಲಿ ಏನಿದೆ ಎಂದು ನಿಮ್ಮನ್ನೇ ಕೇಳುತ್ತಾರೆ.

ಕಥೆ ಶುರುವಾಗುವುದು ಒಂದು ಹಳೆಯ ಜಗಳದಿಂದ. ಮೈಸೂರು ಸಂಸ್ಥಾನದಲ್ಲಿ ಭೂವಿಜ್ಞಾನ ಇಲಾಖೆ 1894ರಲ್ಲಿ ಸ್ಥಾಪನೆಯಾದಾಗ ಅದರ ಮೊದಲ ಮುಖ್ಯಸ್ಥರಾಗಿ ಬಂದವರು ರಾಬರ್ಟ್ ಬ್ರೂಸ್ ಫೂಟ್. ಇಂಡಿಯಾದ ಶಿಲಾಯುಗದ ಕೈಕೊಡಲಿಯನ್ನು ಮದ್ರಾಸಿನ ಬಳಿ ಪಲ್ಲಾವರಂನಲ್ಲಿ 1863ರಲ್ಲಿ ಗುರುತಿಸಿದವರೂ ಇವರೇ. ಧಾರವಾಡ, ಬಾಬಾಬುಡನ್ ಕಡೆಯ ಪದರುಗಲ್ಲುಗಳಿಗೆ ‘ಧಾರವಾಡ’ದ ಹೆಸರು ಕೊಟ್ಟ ಫೂಟ್, ಈ ಪದರುಗಳು ನೈಸ್ ಬಂಡೆಯ ಮೇಲೆ ಆಮೇಲೆ ಕೂತವು ಎಂದರು. ಅವರ ನಂತರ ಇಲಾಖೆ ನಡೆಸಿದ ಸ್ಮೀತ್, ಅಲ್ಲವೇ ಅಲ್ಲ, ಪದರುಗಲ್ಲೇ ಹಿರಿಯದು, ನೈಸ್ ಅದರೊಳಗೆ ಆಮೇಲೆ ನುಗ್ಗಿದ್ದು ಎಂದರು. ಇಬ್ಬರೂ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದರು. ತಾಯಿ ಯಾರು, ಮಗಳು ಯಾರು ಎಂಬ ಈ ತಕರಾರು ಅವರ ಕಾಲಕ್ಕೆ ಮುಗಿಯದೆ ಮುಂದಿನ ತಲೆಮಾರುಗಳಿಗೂ ಬಂತು.

ಕಲ್ಲುಗಳ ವಯಸ್ಸಿನ ವ್ಯಾಜ್ಯ ತೀರಿಸಲು ಒಂದು ಸರಳ ನ್ಯಾಯವಿದೆ. ಕಡಲೆಕಾಯಿ ಚಿಕ್ಕಿಯನ್ನು ನೋಡಿ. ಚಿಕ್ಕಿಯೊಳಗೆ ಕಾಣುವ ಬೀಜ, ಚಿಕ್ಕಿ ಆಗುವ ಮೊದಲೇ ಇದ್ದಿರಲೇಬೇಕು. ಬಾಬಾಬುಡನ್ ಕಡೆ ಧಾರವಾಡ ಪದರುಗಳ ತಳದಲ್ಲಿ ನೈಸ್ ಜಾತಿಯ ಉರುಟುಗಲ್ಲುಗಳು ಹುದುಗಿವೆ. ಹಾಗಾದರೆ ನೈಸ್ ಹಿರಿಯದು. ಫೂಟ್ ಹೇಳಿದ್ದು ಸರಿ. ಆದರೆ ದಕ್ಷಿಣಕ್ಕೆ, ನಮ್ಮ ಸರಗೂರು ಸೀಮೆಗೆ ಬಂದರೆ ನೈಸ್ ಬಂಡೆಯ ಹೊಟ್ಟೆಯೊಳಗೇ ಪದರುಗಲ್ಲಿನ ತುಂಡುಗಳು, ಪಟ್ಟಿಗಳು ಸಿಕ್ಕಿಕೊಂಡಿವೆ. ಇಲ್ಲಿ ಪದರುಗಲ್ಲೇ ಹಿರಿಯದು. ಸ್ಮೀತ್ ಹೇಳಿದ್ದೂ ಸರಿ. 1970ರ ದಶಕದಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣೆಯ ಜೆ. ಸ್ವಾಮಿನಾಥ್, ಎಂ. ರಾಮಕೃಷ್ಣನ್ ಮತ್ತು ಅವರ ಜೊತೆಯವರು ಗಂಟು ಬಿಡಿಸಿದ್ದು ಹೀಗೆ: ಪದರುಗಲ್ಲು ಒಂದಲ್ಲ, ಎರಡು ತಲೆಮಾರಿನವು. ನೈಸ್ ಮೇಲೆ ಕೂತದ್ದು ಕಿರಿಯ ತಲೆಮಾರು, ಅದು ಧಾರವಾಡ. ನೈಸ್ ಒಳಗೆ ಸಿಕ್ಕಿಬಿದ್ದದ್ದು ಹಿರಿಯ ತಲೆಮಾರು. ಅದಕ್ಕೆ ‘ಸರಗೂರು ಸಮೂಹ’ ಎಂದು ಹೆಸರಾಯಿತು. ನೈಸ್ ಕೂಡ ಒಂದೇ ಸಲಕ್ಕೆ ಹುಟ್ಟಿದ್ದಲ್ಲ, ಸುಮಾರು 340 ಕೋಟಿಯಿಂದ 300 ಕೋಟಿ ವರ್ಷಗಳ ನಡುವೆ ಕಂತು ಕಂತಾಗಿ ಆದದ್ದು. ಆ ಕಂತುಗಳ ನಡುವೆ ಸಿಕ್ಕಿಕೊಂಡದ್ದು ಸರಗೂರು. ಈಗ ಹಾಸನದ ನುಗ್ಗೇಹಳ್ಳಿಯಲ್ಲಿ, ಹೊಳೆನರಸೀಪುರದಲ್ಲಿ ಇಂಥ ಕಲ್ಲು ಕಂಡರೂ ವಿಜ್ಞಾನಿಗಳು ಕರೆಯುವುದು ಸರಗೂರೆಂದೇ. ಮೈಸೂರು ನಂಜನಗೂಡು ನಡುವೆ ಗಣಿ ತೋಡಿ ತೆಗೆದ ಕ್ರೋಮೈಟು, ಮ್ಯಾಗ್ನೆಸೈಟುಗಳೂ ಇದೇ ಮನೆತನದ ಕಲ್ಲುಗಳಲ್ಲಿ ಸಿಕ್ಕವು.

ಆ ಹಿರಿಯ ತಲೆಮಾರಿನ ಕಲ್ಲುಗಳಲ್ಲಿ ನನಗೆ ಎಲ್ಲಕ್ಕಿಂತ ವಿಸ್ಮಯವೆನಿಸುವುದು ಕಯನೈಟ್. ಆಕಾಶನೀಲಿ ಬಣ್ಣದ, ಚೂರಿಯ ಅಲಗಿನಂಥ ಹರಳು. ಇದನ್ನು ಉದ್ದಕ್ಕೆ ಗೀಚಿದರೆ ಪೆನ್ನುಚಾಕುವಿನಲ್ಲೂ ಗೆರೆ ಬೀಳುತ್ತದೆ, ಅಡ್ಡಕ್ಕೆ ಗೀಚಿದರೆ ಬೀಳುವುದಿಲ್ಲ. ಒಂದೇ ಹರಳಿಗೆ ಎರಡು ಗಡಸುತನ. ಅದರೊಳಗಿನ ಪರಮಾಣುಗಳ ಸಾಲು ಒಂದು ದಿಕ್ಕಿನಲ್ಲಿ ಬಿಗಿ, ಇನ್ನೊಂದು ದಿಕ್ಕಿನಲ್ಲಿ ಸಡಿಲ. ಕುಲುಮೆಯ ಒಳಗೋಡೆಗೆ ಹಾಕುವ, ಬೆಂಕಿಗೆ ಜಗ್ಗದ ಇಟ್ಟಿಗೆ ಮಾಡಲು ಇದನ್ನು ಬಳಸುತ್ತಾರೆ.

ಈ ನೀಲಿ ಅಲಗು ಮೊದಲು ಏನಾಗಿತ್ತು ಗೊತ್ತೆ? ಕೆಸರು. ಜೇಡಿಯಲ್ಲಿರುವ ಅಲ್ಯೂಮಿನಿಯಂ ಮತ್ತು ಸಿಲಿಕಾ ಭಾರದಡಿ ಸಿಕ್ಕಿ, ಶಾಖದಲ್ಲಿ ಬೆಂದು ಕಯನೈಟ್ ಆಗುತ್ತವೆ. ಅದರ ಪಕ್ಕದಲ್ಲೇ ಇರುವ ಬಿಳಿ ಕ್ವಾರ್ಟ್‌ಜೈಟ್ ಮರಳಾಗಿತ್ತು. ಅಲ್ಲಲ್ಲಿ ಸಿಗುವ ಅಮೃತಶಿಲೆ ಸುಣ್ಣದ ಕೆಸರಾಗಿತ್ತು. ಕಪ್ಪು ಬಿಳುಪು ಗೆರೆಗಳ ಕಬ್ಬಿಣದ ಕಲ್ಲು ಸಮುದ್ರದ ನೀರಿನಲ್ಲಿ ಕರಗಿದ್ದ ಕಬ್ಬಿಣ. ಗಾಳಿಯಲ್ಲಿ ಆಮ್ಲಜನಕವೇ ಇಲ್ಲವೆನ್ನುವಷ್ಟು ಕಡಿಮೆಯಿದ್ದ ಕಾಲವಾದ್ದರಿಂದ ಅದು ತುಕ್ಕು ಹಿಡಿಯದೆ ಕರಗಿಕೊಂಡೇ ಇರಬಲ್ಲದಾಗಿತ್ತು. ಮರಳು, ಜೇಡಿ, ಸುಣ್ಣ, ಕಬ್ಬಿಣ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಸಿಗುವುದು ಒಂದು ಕಡಲತಡಿ. ಈಗ ಹತ್ತಿ, ರಾಗಿ ಬೆಳೆಯುವ ಸರಗೂರಿನ ನೆಲದಲ್ಲಿ ಒಂದು ಕಾಲಕ್ಕೆ ಅಲೆ ಬಡಿಯುತ್ತಿತ್ತು. ದಡದಲ್ಲಿ ಒಂದು ಹುಲ್ಲುಕಡ್ಡಿಯಿರಲಿಲ್ಲ, ನೀರಿನಲ್ಲಿ ಮೀನಿರಲಿಲ್ಲ.

ಕೆಸರು ಕಯನೈಟ್ ಆಗಬೇಕಾದರೆ ನೆಲದೊಳಕ್ಕೆ ಇಳಿಯಬೇಕು. ಈ ಕಲ್ಲುಗಳು ಬೆಂದ ಆಳ 20 ಕಿ.ಮೀ.ಗೆ ಕಡಿಮೆಯಿಲ್ಲ. ಕೋಲಾರದಲ್ಲಿ ನೂರಕ್ಕೂ ಹೆಚ್ಚು ವರ್ಷ ಅಗೆದರೂ ಮನುಷ್ಯ ಇಳಿದದ್ದು ಸುಮಾರು 3.2 ಕಿ.ಮೀ.; ಆ ಗಣಿಯೂ 2001ರಲ್ಲಿ ಮುಚ್ಚಿತು. ಅಷ್ಟು ಆಳದ ಕಲ್ಲು ಇವತ್ತು ನಮ್ಮ ಚಪ್ಪಲಿಯ ಕೆಳಗಿದೆ ಎಂದರೆ, ಅದರ ಮೇಲಿದ್ದ 20 ಕಿ.ಮೀ. ಕಲ್ಲು ಎಲ್ಲಿ ಹೋಯಿತು? ಮಳೆ, ಗಾಳಿ, ಬಿಸಿಲು, ಹೊಳೆ ಅದನ್ನು ಕಣಕಣವಾಗಿ ಸವೆಸಿ ಸಮುದ್ರಕ್ಕೆ ಸಾಗಿಸಿದವು. ಎವರೆಸ್ಟಿನ ಎರಡರಷ್ಟಕ್ಕೂ ಮಿಗಿಲಾದ ಕಲ್ಲು ಸವೆದುಹೋದ ಜಾಗದಲ್ಲಿ ಕೂತು, ನಮ್ಮೂರಲ್ಲಿ ನೋಡುವಂಥದ್ದೇನೂ ಇಲ್ಲ ಎನ್ನುತ್ತಿದ್ದೇವೆ.

ವಯಸ್ಸನ್ನು ಹೇಗೆ ಲೆಕ್ಕ ಹಾಕುತ್ತಾರೆ ಎಂಬ ಅನುಮಾನ ನಿಮಗೆ ಬಂದಿದ್ದರೆ ಒಳ್ಳೆಯದೇ. ಮರಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜಿರ್ಕಾನ್ ಎಂಬ ಹರಳುಗಳಿರುತ್ತವೆ. ಜಿರ್ಕಾನ್ ಹುಟ್ಟುವಾಗ ಯುರೇನಿಯಂ ಪರಮಾಣುಗಳನ್ನು ತನ್ನೊಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹೊರಗಿಡುತ್ತದೆ. ಬಿಟ್ಟುಕೊಂಡ ಯುರೇನಿಯಂ ಸುಮ್ಮನಿರುವುದಿಲ್ಲ. ತನ್ನದೇ ಲೆಕ್ಕದಲ್ಲಿ ಸೀಸವಾಗಿ ಬದಲಾಗುತ್ತಾ ಹೋಗುತ್ತದೆ. ಯುರೇನಿಯಂ 238ರಲ್ಲಿ ಅರ್ಧದಷ್ಟು ಸೀಸವಾಗಲು 447 ಕೋಟಿ ವರ್ಷ ಬೇಕು. ಎಷ್ಟು ಸೀಸ ಕೂಡಿದೆ ಎಂದು ಅಳೆದರೆ ಹರಳಿನ ಜಾತಕ ಸಿಕ್ಕಿತು. ಸರಗೂರು ಸಮೂಹದ ಕಲ್ಲುಗಳಿಂದ ಹೆಕ್ಕಿದ ಜಿರ್ಕಾನ್‌ಗಳನ್ನು ಹೀಗೆ ಅಳೆದ ಅಧ್ಯಯನವೊಂದು 1992ರಲ್ಲಿ ಪ್ರಕಟವಾಯಿತು. ಕೆಲವು ಹರಳುಗಳು 350 ಕೋಟಿ ವರ್ಷವನ್ನೂ ದಾಟಿದ್ದವು. ಮರಳಿನ ಕಣವೆಂದರೆ ಇನ್ನೂ ಹಳೆಯ ಯಾವುದೋ ಬೆಟ್ಟದ ಪುಡಿ ತಾನೆ? ಆ ಬೆಟ್ಟ ಈಗ ಎಲ್ಲೂ ಇಲ್ಲ. ಅದರ ಸಾಕ್ಷಿಯಾಗಿ ಉಳಿದದ್ದು ಈ ಕಣಗಳು ಮಾತ್ರ.

ಕೆ.ಆರ್. ನಗರದ ಕಡೆಯವರು ಚುಂಚನಕಟ್ಟೆಯನ್ನು ಏಕೆ ಬಿಟ್ಟಿರಿ ಎಂದು ಕೇಳುತ್ತಾರೆ. ಬಿಟ್ಟಿಲ್ಲ. ಸಂಕ್ರಾಂತಿ ಹೊತ್ತಿನ ದನಗಳ ಜಾತ್ರೆಗೆ ಹೋದವರು ಕೋದಂಡರಾಮನ ದರ್ಶನ ಮಾಡಿ, ಕಾವೇರಿ ಬಂಡೆಯ ಮೇಲಿಂದ ಕವಲಾಗಿ ಧುಮುಕುವುದನ್ನು ನೋಡಿ ಬರುತ್ತಾರೆ. ಧುಮುಕುವ ಸದ್ದು ಗರ್ಭಗುಡಿಯೊಳಗೆ ಕೇಳುವುದಿಲ್ಲವೆಂದು ಅಲ್ಲಿಯವರು ಹೇಳುವ ಕಥೆಯೂ ಚೆನ್ನಾಗಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಹೋದರೆ ನೈಸ್ ಬಂಡೆಯ ಪಟ್ಟೆಗಳನ್ನು ಹೊಳೆಯೇ ತಿಕ್ಕಿ ತೊಳೆದು ತೋರಿಸುತ್ತದೆ. ಯಾವ ಪ್ರಯೋಗಾಲಯದಲ್ಲೂ ಅಷ್ಟು ನುಣುಪಾದ ಮಾದರಿ ಸಿಗದು. ಪಿರಿಯಾಪಟ್ಟಣದವರಿಗೆ ಬೆಟ್ಟದಪುರವಿದೆ. ಸುತ್ತಲ ನೆಲ ಸವೆದು ತಗ್ಗಿದ ಮೇಲೂ ಸವೆಯದೆ ನಿಂತ ಗಟ್ಟಿ ಕಲ್ಲಿನ ಒಂಟಿ ಗುಡ್ಡ ಅದು. ಬಯಲಿನ ನಡುವೆ ಅಷ್ಟು ಎತ್ತರಕ್ಕೆ ಒಂಟಿಯಾಗಿ ನಿಂತಮೇಲೆ ಸಿಡಿಲು ಅಲ್ಲಿಗೇ ಎರಗುವುದು ಸಹಜ. ದೇವರಿಗೆ ಸಿಡಿಲು ಮಲ್ಲಿಕಾರ್ಜುನನೆಂದು ಹೆಸರಿಟ್ಟ ಹಿರಿಯರು ಸರಿಯಾಗಿಯೇ ಗಮನಿಸಿದ್ದರು.

ಇಷ್ಟೆಲ್ಲ ಹಳೆಯ ಕಥೆ ಕಟ್ಟಿಕೊಂಡು ಬೇಸಾಯಗಾರನಿಗೆ ಏನಾಗಬೇಕು? ಆಗಬೇಕಾದದ್ದು ಬಹಳವಿದೆ. ಹುಣಸೂರು, ಪಿರಿಯಾಪಟ್ಟಣದ ವರ್ಜೀನಿಯಾ ಹೊಗೆಸೊಪ್ಪು ಒಪ್ಪುವುದು ನೀರು ನಿಲ್ಲದ, ಹಗುರವಾದ ಕೆಂಪು ಮರಳುಮಣ್ಣನ್ನು. ಆ ಮಣ್ಣು ನೈಸ್ ಕೊಳೆತು ಆದದ್ದು. ಅದರ ಬೆಣಚು ಮರಳಾಯಿತು, ಫೆಲ್ಡ್‌ಸ್ಪಾರ್ ಜೇಡಿಯಾಯಿತು, ಕರಿಯ ಖನಿಜದ ಕಬ್ಬಿಣ ತುಕ್ಕು ಹಿಡಿದು ಕೆಂಪು ಕೊಟ್ಟಿತು.

ಕೊಳವೆಬಾವಿಯ ವಿಷಯ ಇನ್ನೂ ಗಂಭೀರ. ಗಂಗಾ ಬಯಲಿನಲ್ಲಿ ಹೊಳೆ ತಂದು ಹಾಕಿದ ಮರಳು, ಮೆಕ್ಕಲು ಎಷ್ಟೋ ಕಡೆ ಕಿಲೋಮೀಟರುಗಟ್ಟಲೆ ದಪ್ಪವಿದೆ. ಮರಳಿನ ಕಣಗಳ ಸಂದಿಯಲ್ಲೆಲ್ಲ ನೀರು. ನಮ್ಮ ಕಲ್ಲು 20 ಕಿ.ಮೀ. ಆಳದಲ್ಲಿ ಅಮುಕಿಸಿಕೊಂಡು ಬೆಂದು ಬಂದದ್ದು. ಅದರಲ್ಲಿ ರಂಧ್ರವಿಲ್ಲ. ನೀರಿಗೆ ಇಲ್ಲಿ ಎರಡೇ ಮನೆ: ಮೇಲಿನ ಕೊಳೆತ ಕಲ್ಲಿನ ಗರಸು ಪದರ, ಅದರ ಕೆಳಗೆ ಬಂಡೆಯ ಬಿರುಕು. ಬೋರು ಕೊರೆಯುವವರು ‘ಗ್ಯಾಪ್ ಸಿಕ್ತು’ ಎನ್ನುವುದು ಈ ಬಿರುಕನ್ನೇ. ಗ್ಯಾಪು ಹೊಲದ ಈ ಮೂಲೆಯಲ್ಲಿದ್ದು ಮೂವತ್ತು ಅಡಿ ಆಚೆ ಇಲ್ಲದಿರಬಹುದು. ಅಂಗೈ ಮೇಲೆ ತೆಂಗಿನಕಾಯಿ ನಿಲ್ಲಿಸಿ ಪಾಯಿಂಟ್ ತೋರಿಸುವವರಿಗೆ ಇದು ಕಾಣುವುದಿಲ್ಲ. ಕೇಸಿಂಗ್ ಪೈಪು ಎಷ್ಟು ಅಡಿ ಇಳಿಯಿತೆಂಬುದನ್ನು ಪಕ್ಕದ ಹೊಲದವರಿಂದ ಕೇಳಿ ಬರೆದಿಟ್ಟುಕೊಂಡರೆ ಗರಸು ಪದರದ ದಪ್ಪ ತಿಳಿಯುತ್ತದೆ. ಅದು ದಪ್ಪವಿದ್ದಲ್ಲಿ, ಮೇಲೆ ಕೆರೆಯೂ ಇದ್ದಲ್ಲಿ, ನೀರು ನಿಲ್ಲುವ ಸಂಭವ ಹೆಚ್ಚು. ಒಂದು ಸಾವಿರ ಅಡಿ ದಾಟಿದ ಮೇಲೂ ಕೊರೆಸುತ್ತಾ ಹೋಗುವುದೆಂದರೆ ಸಾಲದ ಹಣವನ್ನು ರಂಧ್ರವಿಲ್ಲದ ಕಲ್ಲಿಗೆ ಸುರಿಯುವುದು. ಆಳಕ್ಕೆ ಹೋದಷ್ಟೂ ಮೇಲಿನ ಭಾರಕ್ಕೆ ಬಿರುಕುಗಳು ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ. ಮೊದಲೆರಡು ಬೋರು ಒಣಗಿದ ಮೇಲೆ ಮೂರನೆಯದನ್ನು ಎರಡರಷ್ಟು ಆಳ ಕೊರೆಸಿದವರು ನಮ್ಮಲ್ಲಿ ಪ್ರತಿ ಊರಿನಲ್ಲೂ ಸಿಗುತ್ತಾರೆ.

ಲಾಲ್‌ಬಾಗಿನ ಬಂಡೆಗೆ ಫಲಕವಿದೆ, ಕಾವಲಿದೆ. ಸರಗೂರಿನ ಕಲ್ಲಿಗೆ ಎರಡೂ ಇಲ್ಲ. ಹೊಳೆ ಮರಳಿನ ಬದಲು ಎಂ-ಸ್ಯಾಂಡ್ ಬಂದ ಮೇಲೆ ಕ್ರಷರ್‌ಗೆ ಬಂಡೆ ಬೇಕು. ಮನೆ ಕಟ್ಟುವವರಿಗೆ ಜಲ್ಲಿ ಬೇಡವೆನ್ನಲು ನಾನು ತಯಾರಿಲ್ಲ. ಈ ಬರಹ ಬರೆಯುತ್ತಿರುವ ಮನೆಯೂ ಜಲ್ಲಿಯದೇ. ಆದರೆ ನೈಸ್ ನಾಲ್ಕೂ ತಾಲ್ಲೂಕಿನ ಉದ್ದಗಲಕ್ಕೆ ಹರಡಿದೆ. ಸರಗೂರು ಸಮೂಹದ್ದು ಹಾಗಲ್ಲ, ಅದು ಸಿಗುವುದು ತೆಳು ಪಟ್ಟಿಗಳಾಗಿ, ಕೆಲವೆಡೆ ಒಂದು ಗುಡ್ಡದ ಓರೆಯಷ್ಟು ಮಾತ್ರ. ಅಂಥದ್ದನ್ನು ಗುರುತಿಸಿ ಬಿಟ್ಟು, ಪಕ್ಕದ ನೈಸ್ ಒಡೆದರೆ ಯಾರ ಮನೆಯೂ ನಿಲ್ಲುವುದಿಲ್ಲ. ಭೂಪರಂಪರೆಯ ತಾಣಗಳನ್ನು ಕಾಪಾಡುವ ಕರಡು ಮಸೂದೆಯೊಂದನ್ನು ಕೇಂದ್ರ ಗಣಿ ಸಚಿವಾಲಯ 2022ರ ಡಿಸೆಂಬರ್‌ನಲ್ಲಿ ಹೊರತಂದು ಜನರ ಅಭಿಪ್ರಾಯ ಕೇಳಿತ್ತು. ದೆಹಲಿಯ ಕಾನೂನಿಗೆ ಕಾಯದೆ ಗ್ರಾಮ ಪಂಚಾಯಿತಿಯೇ ಮಾಡಬಹುದಾದ ಕೆಲಸವೂ ಇದೆ. ಗೋಮಾಳದ ಗುಡ್ಡವನ್ನು ಗುತ್ತಿಗೆಗೆ ಕೊಡುವ ಪ್ರಸ್ತಾಪ ಬಂದಾಗ ಹತ್ತಿರದ ಕಾಲೇಜಿನ ಭೂವಿಜ್ಞಾನದ ಅಧ್ಯಾಪಕರನ್ನು ಒಂದು ದಿನ ಕರೆಸಿ ತೋರಿಸಿದರೆ ಬಸ್ ಚಾರ್ಜು, ಒಂದು ಊಟದ ಖರ್ಚು.

ಶಾಲೆಗಳಿಗೆ ಹೇಳುವುದಿದ್ದರೆ, ಬರುವ ಡಿಸೆಂಬರ್‌ನಲ್ಲಿ ದೂರದ ಬಸ್ಸಿನ ಜೊತೆಗೆ ಒಂದು ದಿನದ ಹತ್ತಿರದ ಬಸ್ಸೂ ಇರಲಿ. ಎಚ್.ಡಿ. ಕೋಟೆಯ ಹ್ಯಾಂಡ್‌ಪೋಸ್ಟ್‌ನಿಂದ ಸರಗೂರು ಕಡೆಗೆ ಹೊರಟರೆ ಸಾಕು. ಕೆಟ್ಟುಹೋದ ರೇಡಿಯೋದ ಸ್ಪೀಕರಿನಿಂದ ಬಿಚ್ಚಿದ ಆಯಸ್ಕಾಂತವೊಂದು, ಪೆನ್ನುಚಾಕು ಒಂದು, ಒಂದು ಬಾಟಲಿ ನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು ಜೊತೆಗಿರಲಿ. ಕಲ್ಲನ್ನು ತೊಳೆದು ನೋಡಿ. ಕಪ್ಪು ಬಿಳುಪು ಗೆರೆಗಳ ಭಾರವಾದ ಕಲ್ಲಿಗೆ ಆಯಸ್ಕಾಂತ ಅಂಟಿಕೊಂಡರೆ ಅದು ಹಳೆಯ ಸಮುದ್ರದ ಕಬ್ಬಿಣ. ನೀಲಿ ಅಲಗು ಕಂಡರೆ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಚಾಕು ಆಡಿಸಿ. ಬಿದ್ದ ಚೂರನ್ನು ಮಾತ್ರ ತನ್ನಿ, ಬಂಡೆಯನ್ನು ಒಡೆಯಬೇಡಿ. ತಂದ ಚೂರಿಗೆ ಊರಿನ ಹೆಸರು, ದಿನಾಂಕ ಬರೆದ ಚೀಟಿ ಅಂಟಿಸಿ ಶಾಲೆಯ ಬೀರುವಿನಲ್ಲಿಡಿ. ಹೊಲದೊಳಗೆ ಇಳಿಯುವ ಮುಂಚೆ ಹೊಲದವರನ್ನು ಕೇಳಿ. ಕಾಡಂಚಿನ ಸೀಮೆಯಾದ್ದರಿಂದ ಆನೆ ಇಳಿಯುವ ಹೊತ್ತಿಗೆ ಮುಂಚೆ, ನಾಲ್ಕು ಗಂಟೆಗೆಲ್ಲ ಮಕ್ಕಳನ್ನು ಎಣಿಸಿ ಬಸ್ಸು ಹತ್ತಿಸಿ.